ಮಾಸು ಯಾರದು

ಕಳೆದ ತಿಂಗಳು ಒಂದು ಸಂಜೆ ಮಗಳು ಹತ್ತನೆಯ ತರಗತಿಯ ಜೀವಶಾಸ್ತ್ರದ ಪುಸ್ತಕ ಹಿಡಿದು ಜಗಲಿಯಲ್ಲಿ ಕುಳಿತಿದ್ದಳು. ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬಹಳ ಹೊತ್ತು ಪುಟ ತಿರುಗಿಸುವ ಸದ್ದೇ ಇರಲಿಲ್ಲ. ಆಮೇಲೆ ಅಲ್ಲಿಂದಲೇ ಕೇಳಿದಳು: "ಅಮ್ಮಾ, ಮಾಸು, ಅಂದರೆ ಈ ಪ್ಲಾಸೆಂಟಾ, ತಾಯಿಯದಲ್ಲ, ಮಗುವಿನದು ಎಂದು ನೀನೇ ಒಮ್ಮೆ ಹೇಳಿದ್ದೆಯಲ್ಲ? ಹಾಗಾದರೆ ಆವತ್ತು ನಿನ್ನ ಬಿಪಿ ಏರಿಸಿದ್ದು ನಾನೇ ಅಲ್ಲವೇ?"

ಪೆನ್ನು ಕೆಳಗಿಟ್ಟೆ. ಇದೇ ಪಾಠವನ್ನು ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಯಾವ ಮಗುವೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದರೆ ಪುಸ್ತಕದ ಉತ್ತರ ಕೊಟ್ಟು ಮುಂದಿನ ಪಾಠಕ್ಕೆ ಹೋಗುತ್ತಿದ್ದೆನೋ ಏನೋ. ಇವಳಿಗೆ ಹಾಗೆ ಉತ್ತರಿಸಲು ಆಗಲಿಲ್ಲ. ಆ ರಾತ್ರಿ ಅವಳಿಗೆ ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಗುಡ್ಡದ ಬುಡದಲ್ಲಿ. ನನ್ನ ತವರು ಗಡಿಯ ಆಚೆ, ವಿಟ್ಲದ ಹತ್ತಿರ. 2010ರ ದೀಪಾವಳಿ ಮುಗಿದ ವಾರ. ನನಗೆ ಮೂವತ್ತೆರಡು ವಾರ ತುಂಬಿತ್ತು. ಸೀಮಂತಕ್ಕೆ ಹಸಿರು ಸೀರೆ ತಂದಿಟ್ಟಾಗಿತ್ತು. ಬೆರಳಿನ ಉಂಗುರ ಸೋಪು ಹಚ್ಚಿದರೂ ಬರುತ್ತಿರಲಿಲ್ಲ. ಎರಡು ದಿನದಿಂದ ತಲೆನೋವು, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡುವಂಥ ನೋವು. ಗ್ಯಾಸ್ ಇರಬೇಕೆಂದು ಅತ್ತೆ ಜೀರಿಗೆ ಕಷಾಯ ಮಾಡಿಕೊಟ್ಟರು. ಮೂರನೆಯ ಸಂಜೆ ಕಣ್ಣ ಮುಂದೆ ಕಿಡಿಗಳು ಹಾರತೊಡಗಿದವು. ಅಂಗಳದಲ್ಲಿ ಯಾರೋ ಮಕ್ಕಳು ಉಳಿದ ನಕ್ಷತ್ರಕಡ್ಡಿ ಉರಿಸುತ್ತಿದ್ದಾರೆ ಎಂದುಕೊಂಡು ಎದ್ದು ಹೋಗಿ ನೋಡಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ.

ನನ್ನ ತಾಯಿ ಕಾರ್ಡಿನ ಹಿಂಬದಿಯಲ್ಲಿ ಈ ಲಕ್ಷಣಗಳೆಲ್ಲ ಅಚ್ಚಾಗಿದ್ದವು, ಮಲಯಾಳದಲ್ಲಿ. ನನಗೆ ಓದಲು ಬರುತ್ತದೆ. ಆದರೆ ಯಾವತ್ತೂ ತಿರುಗಿಸಿ ಓದಿರಲಿಲ್ಲ. ಅತ್ತೆಗೆ ಬರುವುದು ಕನ್ನಡ ಅಕ್ಷರ ಮಾತ್ರ. ಗರ್ಭಿಣಿಯನ್ನು ದಿನವಿಡೀ ಕಣ್ಣಲ್ಲಿ ಕಣ್ಣಿಟ್ಟು ನೋಡುವವರು ಮನೆಯ ಹಿರಿಯ ಹೆಂಗಸರು. ಅವರು ಓದಬಲ್ಲ ಭಾಷೆಯಲ್ಲಿ ಆ ನಾಲ್ಕು ಸಾಲುಗಳು ಇದ್ದಿದ್ದರೆ ಜೀರಿಗೆ ಕಷಾಯದ ಬದಲು ಜೀಪಿಗೆ ಹೇಳಿಕಳಿಸುತ್ತಿದ್ದರು. ಗಡಿನಾಡಿನ ಕನ್ನಡದ ಪ್ರಶ್ನೆ ಎಂದರೆ ಶಾಲೆ ಮತ್ತು ಫಲಕಗಳ ಪ್ರಶ್ನೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಹೀಗೆ ಮೈಯ ಒಳಗಿನವರೆಗೂ ಬರುತ್ತದೆ.

ನೆರೆಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರು ಇದ್ದರು. ಅವರು ಬಿಪಿ ಪಟ್ಟಿ ಸುತ್ತಿ ನೋಡಿ, ಇನ್ನೊಮ್ಮೆ ಸುತ್ತಿ ನೋಡಿ, "ಈಗಲೇ ಮಂಗಳೂರಿಗೆ ಹೊರಡಿ, ಊಟಕ್ಕೂ ಕೂರಬೇಡಿ" ಎಂದರು. 170, ಕೆಳಗೆ 110. ಕುಂಬಳೆ, ಉಪ್ಪಳ, ಮಂಜೇಶ್ವರ, ತಲಪಾಡಿ. ಹೆದ್ದಾರಿಯ ಹೊಂಡಗಳಲ್ಲಿ ಜೀಪು ಕುಲುಕಿದಾಗಲೆಲ್ಲ ನನ್ನ ಗಂಡ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ನೇತ್ರಾವತಿ ಸೇತುವೆ ದಾಟಿದ್ದು ನೆನಪಿದೆ. ಆಮೇಲೆ ನೆನಪಿರುವುದು ಮೆಗ್ನೀಸಿಯಮ್ ಸಲ್ಫೇಟ್ ಇಂಜೆಕ್ಷನ್ನಿನ ಉರಿ. ಮೈಯೊಳಗೆ ಬಿಸಿ ನೀರು ಹರಿದ ಹಾಗೆ ಅದು ಸೊಂಟದಿಂದ ಮುಖದವರೆಗೆ ಏರಿತು. ಸನ್ನಿ, ಎಂದರೆ ಕೈಕಾಲು ಸೆಟೆಯುವ ಫಿಟ್ಸ್, ಬಾರದಂತೆ ತಡೆಯುವ ಔಷಧ ಅದು. ಮಗಳನ್ನು ಹೊಟ್ಟೆ ಕೊಯ್ದು ತೆಗೆದರು. 1,380 ಗ್ರಾಂ. ಇಪ್ಪತ್ತೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು.

ಇದಕ್ಕೆ ಪ್ರಿ-ಎಕ್ಲಾಂಪ್ಸಿಯ ಎಂದು ಹೆಸರು. ಕನ್ನಡದಲ್ಲಿ ಗರ್ಭನಂಜು ಎನ್ನುತ್ತಾರೆ. ನೂರು ಗರ್ಭಿಣಿಯರಲ್ಲಿ ಎರಡರಿಂದ ಎಂಟು ಜನರಿಗೆ ಬರುತ್ತದೆ. ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೊಟೀನ್ ಹೋಗುತ್ತದೆ, ಕೆಲವರಲ್ಲಿ ಯಕೃತ್ತೂ ಬಾತುಕೊಳ್ಳುತ್ತದೆ. ನನ್ನ ಪಕ್ಕೆಲುಬಿನ ಕೆಳಗಿನ ನೋವು ಗ್ಯಾಸ್ ಆಗಿರಲಿಲ್ಲ, ಯಕೃತ್ತಿನದು. ಸಕಾಲಕ್ಕೆ ತಡೆಯದಿದ್ದರೆ ಸನ್ನಿ ಬರಬಹುದು, ತಾಯಿಯೂ ಮಗುವೂ ಉಳಿಯದಿರಬಹುದು. ಬಿಪಿಗೆ ಮಾತ್ರೆ, ಸನ್ನಿಗೆ ಇಂಜೆಕ್ಷನ್ ಇದೆ. ಆದರೆ ಬೇರಿಗೇ ಮದ್ದು ಒಂದೇ. ಮಾಸು ಹೊರಗೆ ಬರಬೇಕು.

ಆಸ್ಪತ್ರೆಯಲ್ಲಿ ಕೇಸ್ ಪೇಪರ್ ತುಂಬಿಸುವಾಗ ನನ್ನನ್ನು ಕೇಳಿದರು: ನಿಮ್ಮ ತಾಯಿಗೆ ಹೀಗಾಗಿತ್ತೇ? ಅಕ್ಕತಂಗಿಯರಿಗೆ? ತವರಿನಲ್ಲಿ ಬಿಪಿ ಯಾರಿಗಿದೆ? ಐವತ್ತು ದಾಟಿದ ಮೇಲೆ ಅಮ್ಮನಿಗೆ ಬಿಪಿ ಬಂದಿತ್ತು, ಅದನ್ನು ಹೇಳಿದೆ. ಪಕ್ಕದಲ್ಲೇ ನಿಂತಿದ್ದ ನನ್ನ ಗಂಡನನ್ನು ಯಾರೂ ಏನೂ ಕೇಳಲಿಲ್ಲ. ಮರುದಿನ ವರಾಂಡದಲ್ಲಿ ಗಂಡನ ಕಡೆಯ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಅವಳ ಅಮ್ಮನಿಗೆ ಬಿಪಿ ಉಂಟಂತೆ. ಅಲ್ಲಿಂದಲೇ ಬಂದದ್ದು. ಮೊದಲೇ ಹೇಳಬೇಕಿತ್ತು."

ಅಮ್ಮ ಅಲ್ಲೇ ಇದ್ದರು, ಫ್ಲಾಸ್ಕಿನಲ್ಲಿ ಗಂಜಿ ಹಿಡಿದುಕೊಂಡು. ಒಂದು ಮಾತೂ ಆಡಲಿಲ್ಲ. ಮಗು ಉಳಿಯಲೆಂದು ಮಧೂರು ಗಣಪತಿಗೆ ಅಪ್ಪದ ಹರಕೆ ಹೊತ್ತರು, ತೀರಿಸಿದರು. ಆಮೇಲೆ ಇಷ್ಟೂ ವರ್ಷ, ನಮ್ಮ ಮನೆಗೆ ಬಂದಾಗಲೆಲ್ಲ ಅತ್ತೆಯ ಎದುರು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ.

2019ರಲ್ಲಿ ನನ್ನ ನಾದಿನಿ ಗರ್ಭಿಣಿಯಾದಳು. ಮೊದಲ ಮೂರು ತಿಂಗಳು ಅವಳನ್ನು ವಾಂತಿ ಹಿಂಡಿಹಾಕಿತು. ಬಯಕೆಯ ಕಾಲದ ಓಕರಿಕೆ ಅಲ್ಲ. ನೀರು ಕುಡಿದರೂ ನಿಲ್ಲದು, ಆರು ಕಿಲೋ ಇಳಿದಳು, ಎರಡು ಸಲ ಡ್ರಿಪ್ ಹಾಕಿಸಬೇಕಾಯಿತು. "ನಾವೂ ಹೆತ್ತಿದ್ದೇವೆ, ಇಷ್ಟು ಸುಕುಮಾರಿಯಾಗಿರಲಿಲ್ಲ" ಎಂದು ಊರಿನ ಹೆಂಗಸರೇ ಹೇಳಿದರು. ಆ ಮಾತಿಗೆ ಆಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ಇದೆ.

ಅಮೆರಿಕದ ವಿಜ್ಞಾನಿ ಮಾರ್ಲೀನಾ ಫೇಝೋ 1999ರಲ್ಲಿ ಇಂಥದೇ ವಾಂತಿಯಿಂದ ತಮ್ಮ ಮಗುವನ್ನು ಹದಿನೈದನೆಯ ವಾರದಲ್ಲಿ ಕಳೆದುಕೊಂಡರು. ಆಮೇಲೆ ವರ್ಷಗಟ್ಟಲೆ ಅದರ ಬೆನ್ನು ಹತ್ತಿದರು. 2018ರಲ್ಲಿ ಅವರ ತಂಡಕ್ಕೆ ಜಿಡಿಎಫ್15 ಎಂಬ ವಂಶವಾಹಿಯ ಸುಳಿವು ಸಿಕ್ಕಿತು. 2023ರಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಓ'ರಾಹಿಲಿ ಅವರೊಂದಿಗೆ ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ ಚಿತ್ರ ಸ್ಪಷ್ಟವಾಯಿತು. ಆ ವಂಶವಾಹಿಯಿಂದ ತಯಾರಾಗಿ ಗರ್ಭಿಣಿಯ ರಕ್ತದಲ್ಲಿ ಏರುವ ಹಾರ್ಮೋನು ಹೆಚ್ಚುಪಾಲು ಬರುವುದು ಮಗುವಿನ ಕಡೆಯಿಂದ, ಮಾಸಿನಿಂದ. ತಾಯಿಗೆ ಎಷ್ಟು ಕಷ್ಟವಾಗುತ್ತದೆ ಎಂಬುದು ಗರ್ಭಕ್ಕೆ ಮೊದಲು ಅವಳ ಮೈ ಆ ಹಾರ್ಮೋನಿಗೆ ಎಷ್ಟು ಒಗ್ಗಿತ್ತು ಎಂಬುದನ್ನು ಅವಲಂಬಿಸಿದೆ. ಹುಟ್ಟಿನಿಂದ ಅದು ಕಡಿಮೆಯಿರುವ ಹೆಂಗಸಿಗೆ ಮಗು ಕಳಿಸುವ ಪ್ರಮಾಣ ತಡೆಯದು. ಬೀಟಾ ಥಲಸ್ಸೇಮಿಯ ಎಂಬ ರಕ್ತದ ಕಾಯಿಲೆ ಇರುವವರಲ್ಲಿ ಈ ಹಾರ್ಮೋನು ಯಾವಾಗಲೂ ಹೆಚ್ಚಿರುತ್ತದೆ, ಅವರಿಗೆ ಬಸಿರಿನ ವಾಂತಿ ಬಹಳ ಕಡಿಮೆ. ಇದರಲ್ಲಿ ಸುಕುಮಾರಿತನದ ಮಾತೇ ಇಲ್ಲ. ಎರಡು ಜೀವಗಳ ರಕ್ತದ ನಡುವಿನ ಅಂತರದ ಮಾತು ಇದೆ. ನಾದಿನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಅವಳು ಅತ್ತುಬಿಟ್ಟಳು.

ಆ ವರ್ಷದ ಮಾತಿಗೇ ಮರಳುತ್ತೇನೆ. ನಾದಿನಿಗೆ ಏಳನೆಯ ತಿಂಗಳು. ಕಾಲು ಬಾತುಕೊಳ್ಳತೊಡಗಿತು. ನಾನು ದಿನವೂ ಫೋನ್ ಮಾಡಿ ತಲೆನೋವು ಇದೆಯೇ, ಕಣ್ಣ ಮುಂದೆ ಕಿಡಿ ಕಾಣುತ್ತದೆಯೇ ಎಂದು ಕೇಳುತ್ತಿದ್ದೆ. ಅತ್ತೆ ಮತ್ತು ನಾನು ಜಗಲಿಯಲ್ಲಿ ಚಾಲಿ ಅಡಿಕೆ ಸುಲಿಯುತ್ತ ಕುಳಿತಿದ್ದ ಒಂದು ಮಧ್ಯಾಹ್ನ ಫೋನ್ ಇಟ್ಟ ಮೇಲೆ ಅತ್ತೆ ಕತ್ತಿಯಿಂದ ಕೈ ತೆಗೆದರು.

"ನನಗೂ ಹೀಗೆಯೇ ಆಗಿತ್ತು" ಎಂದರು.

1976ರ ಆಟಿ ತಿಂಗಳು, ಜೋರು ಮಳೆಯ ಕಾಲ. ಹೊಟ್ಟೆಯಲ್ಲಿದ್ದದ್ದು ನನ್ನ ಗಂಡ. ಏಳೂವರೆ ತಿಂಗಳು. ಮುಖ ಬಾತು ಕಣ್ಣು ತೆರೆಯಲಾಗದಷ್ಟು ಆಗಿತ್ತಂತೆ. ಒಂದು ಬೆಳಗ್ಗೆ ಬಚ್ಚಲಿನಲ್ಲಿ ಬಿದ್ದರು, ಕೈಕಾಲು ಸೆಟೆದವು, ನಾಲಿಗೆ ಕಚ್ಚಿಕೊಂಡರು. ಉಪದ್ರ, ಅಂದರೆ ದೆವ್ವದ ಕಾಟ, ಎಂದು ನೂಲು ಕಟ್ಟಿಸಿದರು. ಎರಡನೆಯ ಸಲ ಸನ್ನಿ ಬಂದಾಗ ಮಾವ ಯಾರ ಮಾತೂ ಕೇಳದೆ ಕುರ್ಚಿಗೆ ಬಿದಿರು ಕಟ್ಟಿ, ತುಂಬಿ ಹರಿಯುವ ತೋಡಿನ ಸಂಕ ದಾಟಿಸಿ, ರಸ್ತೆಯವರೆಗೆ ಹೊತ್ತು ತಂದರು. ಮಗು ಹುಟ್ಟಿದ್ದು ಅತ್ತೆಗೆ ಗೊತ್ತಿಲ್ಲ. ಎಚ್ಚರವಾದದ್ದು ಎರಡು ದಿನದ ಮೇಲೆ.

"ಯಾಕೆ ಹೇಳಲಿಲ್ಲ ಅತ್ತೆ?"

"ಹೇಗೆ ಹೇಳುವುದು? ಉಪದ್ರ ಇದ್ದ ಹೆಂಗಸಿನ ಮಕ್ಕಳು ಎಂದಾದರೆ ಇವರನ್ನೆಲ್ಲ ಯಾರು ಮದುವೆಯಾಗುತ್ತಿದ್ದರು? ಮಾವನೇ ಹೇಳಬೇಡ ಎಂದಿದ್ದರು. ಆವತ್ತು ಆಸ್ಪತ್ರೆಯಲ್ಲಿ ನಿನ್ನ ಅಮ್ಮನನ್ನು ನೋಡುವಾಗ ಬಾಯಿಯವರೆಗೆ ಬಂದಿತ್ತು."

ನನಗೆ ಸಿಟ್ಟು ಬಂತು, ನಿಜ. ಒಂಬತ್ತು ವರ್ಷದ ಸಿಟ್ಟು. ಆದರೆ ಎದುರಿಗೆ ಕುಳಿತ ಎಪ್ಪತ್ತರ ಹೆಂಗಸು ಹೊತ್ತದ್ದು ನಲವತ್ತಮೂರು ವರ್ಷದ ಭಯ. ಏನೂ ಹೇಳದೆ ಅವರ ಕೈ ಹಿಡಿದುಕೊಂಡೆ. ನಾದಿನಿಗೆ ಫೋನ್ ಮಾಡಿ, ಮರುದಿನವೇ ವೈದ್ಯರ ಬಳಿ ಹೋಗಿ ತಾಯಿಗೆ ಸನ್ನಿ ಬಂದಿತ್ತೆಂದು ಹೇಳುವಂತೆ ತಿಳಿಸಿದೆ. ವೈದ್ಯರು ವಾರಕ್ಕೊಮ್ಮೆ ಬಿಪಿ ಮತ್ತು ಮೂತ್ರದ ಪರೀಕ್ಷೆ ಬರೆದುಕೊಟ್ಟರು. ಮೂವತ್ತಾರನೆಯ ವಾರದಲ್ಲಿ ಬಿಪಿ ಏರಿತು, ಏರಿದ ದಿನವೇ ಗೊತ್ತಾಯಿತು, ಮೂವತ್ತೇಳಕ್ಕೆ ಹೆರಿಗೆ ಮಾಡಿಸಿದರು. ಈಗ ಆ ಹುಡುಗ ಅಂಗಳದಲ್ಲಿ ಸೈಕಲ್ ಹೊಡೆಯುತ್ತಾನೆ.

ಅತ್ತೆಯ ಮಾತು ಕೇಳಿದ ರಾತ್ರಿಯಿಂದ ನಾನು ಓದಲು ಕುಳಿತೆ. ಶಾಲೆಯಲ್ಲಿ ಕಲಿಸುವಷ್ಟು ಗೊತ್ತಿತ್ತು. ಅದು ಸಾಲದು ಎಂದು ಆವತ್ತು ತಿಳಿಯಿತು.

ಮೊದಲು ಕಂಡದ್ದು ನಾರ್ವೆ. ಅಲ್ಲಿ 1967ರಿಂದ ಪ್ರತಿಯೊಂದು ಹೆರಿಗೆಯನ್ನೂ ದಾಖಲಿಸುತ್ತಾರೆ. ಆ ದಾಖಲೆಯನ್ನು ಹುಡುಕಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ವಿಚಿತ್ರ ಪ್ರಶ್ನೆ ಕೇಳಿತ್ತು: ಒಬ್ಬಳಲ್ಲಿ ಗರ್ಭನಂಜಿನ ಮಗುವಿಗೆ ತಂದೆಯಾದ ಗಂಡಸು ಬೇರೊಬ್ಬಳೊಂದಿಗೆ ಮಗು ಪಡೆದರೆ ಏನಾಗುತ್ತದೆ? ಎರಡನೆಯವಳಿಗೂ ಅಪಾಯ ಸುಮಾರು ಎರಡು ಪಟ್ಟಾಗಿತ್ತು. ಹೆಂಗಸು ಬೇರೆ, ಮೈ ಬೇರೆ, ತವರು ಬೇರೆ. ಬದಲಾಗದೆ ಉಳಿದದ್ದು ತಂದೆ ಒಬ್ಬನೇ.

2001ರಲ್ಲಿ ಅಮೆರಿಕದ ಯೂಟಾ ರಾಜ್ಯದಿಂದ ಬಂದದ್ದು ನನ್ನ ಗಂಡನನ್ನೇ ನೋಡಿ ಬರೆದ ಹಾಗಿತ್ತು. ಗರ್ಭನಂಜಿನ ಬಸಿರಿನಲ್ಲಿ ಹುಟ್ಟಿದ ಗಂಡುಮಕ್ಕಳು ದೊಡ್ಡವರಾಗಿ ತಂದೆಯಾಗುವಾಗ ಅವರ ಹೆಂಡಿರಿಗೆ ಗರ್ಭನಂಜು ಬರುವ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚು. ಅಂಥ ಬಸಿರಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳು ತಾವೇ ಬಸಿರಾದಾಗ ಮೂರು ಪಟ್ಟಿಗೂ ಹೆಚ್ಚು. ಮೊದಲ ಸಾಲಿನಲ್ಲಿ ನನ್ನ ಗಂಡ. ಎರಡನೆಯ ಸಾಲನ್ನು ಓದಿದಾಗ ಒಳಗೆ ಮಲಗಿದ್ದ ಒಂಬತ್ತು ವರ್ಷದ ಮಗಳ ಕಡೆ ನೋಡಿದೆ.

2004ರಲ್ಲಿ ಸ್ವೀಡನ್ನಿನವರು ಲಕ್ಷಗಟ್ಟಲೆ ಹೆರಿಗೆಗಳನ್ನು ಕುಟುಂಬವಾಗಿ ಜೋಡಿಸಿ ಲೆಕ್ಕ ಹಾಕಿದರು. ಗರ್ಭನಂಜು ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದಕ್ಕೆ ತಾಯಿಯ ವಂಶವಾಹಿಗಳ ಪಾಲು ನೂರರಲ್ಲಿ 35, ಮಗುವಿನ ವಂಶವಾಹಿಗಳದು 20, ಈ ಗಂಡ ಈ ಹೆಂಡತಿ ಎಂಬ ಜೋಡಿಯದು 13. ಉಳಿದದ್ದರಲ್ಲಿ ಹೆಚ್ಚಿನದು ಅಳೆಯಲಾಗದ ಬೇರೆ ಕಾರಣಗಳು. ತಾಯಿಯ ಪಾಲು ದೊಡ್ಡದು, ಅದನ್ನು ನಾನು ಮುಚ್ಚಿಡುವುದಿಲ್ಲ. ಬಿಪಿಗೂ ಮೈತೂಕಕ್ಕೂ ಸಂಬಂಧಿಸಿದ ವಂಶವಾಹಿಗಳು ತಾಯಿಯಲ್ಲಿ ಕೆಲಸ ಮಾಡುತ್ತವೆ ಎಂದು 2020ರಲ್ಲಿ ತೋರಿಸಿದ್ದಾರೆ. ನನ್ನ ಅಮ್ಮನ ಬಿಪಿಗೂ ನನ್ನ ಬಿಪಿಗೂ ನಂಟು ಇರಬಹುದು. ಗರ್ಭನಂಜು ಬಂದವಳಿಗೆ ಮುಂದೆ ಹೃದಯದ ಕಾಯಿಲೆಯ ಸಂಭವ ಸುಮಾರು ಎರಡು ಪಟ್ಟು ಎಂಬುದೂ ಇಂಥದೇ ಒಂದು ನಂಟನ್ನು ಹೇಳುತ್ತದೆ. ನಾನೇ ಈಗ ನಾಲ್ಕು ವರ್ಷದಿಂದ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದೇನೆ. ಆದರೆ 35 ಎಂದರೆ ನೂರಲ್ಲ. ಆ ವರಾಂಡದಲ್ಲಿ ನೂರಕ್ಕೆ ನೂರನ್ನೂ ಗಂಜಿಯ ಫ್ಲಾಸ್ಕ್ ಹಿಡಿದವಳ ತಲೆಗೆ ಕಟ್ಟಿದ್ದರು.

ಮಗು ತನ್ನ ತಾಯಿಯ ಬಿಪಿಯನ್ನು ಹೇಗೆ ಏರಿಸುತ್ತದೆ? ಇದನ್ನು ಮಗಳಿಗೆ ಹೇಳಲು ನಾನು ಅವಳನ್ನು ಮನೆಯ ಹಿಂದಿನ ಸುರಂಗದ ಬಳಿಗೆ ಕರೆದುಕೊಂಡು ಹೋದೆ.

ಕಾಸರಗೋಡಿನ ಈ ಭಾಗದಲ್ಲಿ ಗುಡ್ಡದ ಒಳಕ್ಕೆ ಅಡ್ಡವಾಗಿ ಕೊರೆದ ಸುರಂಗಗಳೇ ಎಷ್ಟೋ ಮನೆಗಳಿಗೆ ನೀರು. ನಮ್ಮದನ್ನು ಮಾವನ ಅಪ್ಪ ಅಗೆಸಿದ್ದು. ಬಾಗಿ ಹೋಗುವಷ್ಟು ಎತ್ತರ, ಒಳಗೆ ಕತ್ತಲು, ತುದಿಯಲ್ಲಿ ಮುರಕಲ್ಲಿನ ಸಂದಿಯಿಂದ ಜಿನುಗುವ ನೀರು. ಅಗೆಯುವವನು ಎಷ್ಟೇ ಜಾಣನಾದರೂ ಕಲ್ಲು ಗಟ್ಟಿ ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಬೇಕು. ಗುಡ್ಡ ಎಷ್ಟೇ ಮೆದುವಾದರೂ ಅಗೆಯುವ ಕೈ ಸೋತರೆ ನೀರು ಸಿಗದು.

ಮಾಸು ಇಂಥ ಅಗೆತದವನು. ಫಲಿತವಾದ ಅಂಡದಿಂದಲೇ ಒಂದು ಪಾಲು ಮಗುವಾಗುತ್ತದೆ, ಇನ್ನೊಂದು ಪಾಲು ಮಾಸಿನ ಬಹುಭಾಗವಾಗುತ್ತದೆ. ಆದ್ದರಿಂದ ಮಾಸಿನಲ್ಲಿ ಅರ್ಧ ತಂದೆಯ ವಂಶವಾಹಿಗಳು. ಬಸಿರಿನ ಮೊದಲ ತಿಂಗಳುಗಳಲ್ಲಿ ಅದರ ಜೀವಕೋಶಗಳು ಗರ್ಭಕೋಶದ ಗೋಡೆಗೆ ಇಳಿದು, ತಾಯಿಯ ಸುರುಳಿ ರಕ್ತನಾಳಗಳನ್ನು ಒಳಗಿನಿಂದ ಅಗಲ ಮಾಡುತ್ತವೆ. ಗುಡ್ಡ ತಾಯಿಯದು, ಅಗೆಯುವ ಕೈ ಮಗುವಿನದು. ಗೋಡೆಯಲ್ಲಿ ತಾಯಿಯ ಕಾವಲು ಕೋಶಗಳೂ ಇರುತ್ತವೆ. ಬರುವವರ ಗುರುತನ್ನು, ಅದರಲ್ಲೂ ತಂದೆಯಿಂದ ಬಂದ ಗುರುತನ್ನು, ಅವು ಓದುತ್ತವೆ. ಕೆಲವು ಗುರುತು ಮತ್ತು ಕೆಲವು ಕಾವಲಿನ ಜೋಡಿಗಳಲ್ಲಿ ಅಗೆತ ಸಲೀಸು, ಕೆಲವು ಜೋಡಿಗಳಲ್ಲಿ ಕಷ್ಟ ಎಂದು 2004ರಲ್ಲಿ ಕೇಂಬ್ರಿಜ್‌ನ ಆಶ್ಲಿ ಮಾಫೆಟ್ ಅವರ ತಂಡ ಕಂಡುಕೊಂಡಿತು.

ಅಗೆತ ಅರ್ಧಕ್ಕೆ ನಿಂತರೆ ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ಮಗು ಬೆಳೆಯುತ್ತ ಹೋದಂತೆ ಮಾಸಿಗೆ ರಕ್ತ ಸಾಲದಾಗುತ್ತದೆ. ಆಗ ಅದು ತಾಯಿಯ ರಕ್ತಕ್ಕೆ ಒಂದು ಪ್ರೊಟೀನನ್ನು ಸುರಿಯುತ್ತದೆ. 2003ರಲ್ಲಿ ಬಾಸ್ಟನ್ನಿನಲ್ಲಿ ಅನಂತ ಕರುಮಂಚಿ ಅವರ ತಂಡ ಇದನ್ನು ಹಿಡಿಯಿತು. ಎಸ್‌ಎಫ್‌ಎಲ್‌ಟಿ-1 ಎಂದು ಅದರ ಹೆಸರು. ತಾಯಿಯ ರಕ್ತನಾಳಗಳನ್ನು ಸುಸ್ಥಿತಿಯಲ್ಲಿಡುವ ಬೇರೆ ಪ್ರೊಟೀನುಗಳನ್ನು ಅದು ಕಟ್ಟಿಹಾಕುತ್ತದೆ. ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಮೂತ್ರಪಿಂಡ ಸೋರುತ್ತದೆ. ಆ ಪ್ರೊಟೀನನ್ನು ಅಳೆದು ಅಪಾಯವನ್ನು ಮುಂಚಿತವಾಗಿ ಹೇಳುವ ರಕ್ತಪರೀಕ್ಷೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು.

ಆ ಪ್ರೊಟೀನನ್ನು ತಯಾರಿಸುವ ಎಫ್‌ಎಲ್‌ಟಿ1 ಎಂಬ ವಂಶವಾಹಿ ಇರುವುದು ಹದಿಮೂರನೆಯ ವರ್ಣತಂತುವಿನಲ್ಲಿ. ಹದಿಮೂರನೆಯದು ಎರಡರ ಬದಲು ಮೂರು ಇರುವ ಶಿಶುವನ್ನು ಹೊತ್ತ ತಾಯಂದಿರಲ್ಲಿ ಗರ್ಭನಂಜು ಹೆಚ್ಚೆಂದು ಮೊದಲೇ ಗೊತ್ತಿತ್ತು. 2017ರಲ್ಲಿ ಗರ್ಭನಂಜಿನ ಬಸಿರಿನಲ್ಲಿ ಹುಟ್ಟಿದ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ವಂಶವಾಹಿಗಳನ್ನು ಮೂರು ಲಕ್ಷಕ್ಕೂ ಮೀರಿದ ಉಳಿದವರೊಂದಿಗೆ ಹೋಲಿಸಿದಾಗ ಎದ್ದು ಕಂಡ ಜಾಗವೂ ಅದರ ಪಕ್ಕದಲ್ಲೇ. ತಾಯಂದಿರನ್ನಲ್ಲ, ಮಕ್ಕಳನ್ನು ಪರೀಕ್ಷಿಸಿ ಕಂಡದ್ದು ಇದು. ನನಗೆ ಇನ್ನೂ ಬೆರಗು ಹುಟ್ಟಿಸುವುದು ಮೋಲಾರ್ ಗರ್ಭ. ಅದರ ಪೂರ್ಣರೂಪದಲ್ಲಿ ಮಗುವೇ ಇರುವುದಿಲ್ಲ, ದ್ರಾಕ್ಷಿ ಗೊಂಚಲಿನ ಹಾಗೆ ಊದಿದ ಮಾಸಿನ ಎಳೆಗಳು ಮಾತ್ರ. ಅದರ ವರ್ಣತಂತುಗಳೆಲ್ಲ ತಂದೆಯಿಂದಲೇ ಬಂದವು. ಆ ಗರ್ಭದಲ್ಲಿಯೂ ಗರ್ಭನಂಜು ಬರಬಹುದು, ಸಾಮಾನ್ಯ ಬಸಿರಿಗಿಂತ ಎಷ್ಟೋ ಮುಂಚೆ.

ಮಗುವಿನ ವಂಶವಾಹಿ ತಾಯಿಯ ಮೈಯನ್ನು ಕೆಣಕುವ ದಾರಿ ಇದೊಂದೇ ಅಲ್ಲ. ರೀಸಸ್ ರಕ್ತದ ವಿಷಯ ಎಲ್ಲರೂ ಕೇಳಿದ್ದೇ. ತಾಯಿ ನೆಗೆಟಿವ್, ಮಗು ತಂದೆಯಿಂದ ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಕೊಡಬೇಕು. ಅಷ್ಟು ಕೇಳಿಬರದ ಇನ್ನೊಂದು ಇದೆ. ಕೊಬ್ಬನ್ನು ಒಡೆಯುವ ಒಂದು ಕಿಣ್ವದ ದೋಷವನ್ನು ಮಗು ತಂದೆ ತಾಯಿ ಇಬ್ಬರಿಂದಲೂ ಪಡೆದರೆ ಕೊನೆಯ ತಿಂಗಳುಗಳಲ್ಲಿ ತಾಯಿಯ ಯಕೃತ್ತು ಕೊಬ್ಬು ತುಂಬಿ ಸೋಲಬಹುದು. ತಾಯಿಯಲ್ಲಿ ಆ ದೋಷದ ಒಂದೇ ಪ್ರತಿ, ಅವಳು ಅಲ್ಲಿಯವರೆಗೆ ಪೂರ್ಣ ಆರೋಗ್ಯವಂತೆ. ಅಪರೂಪದ್ದು. ಆದರೆ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಕೊಡುವ ಪದ್ಧತಿ ನಮ್ಮ ಕಡೆಯ ಕೆಲವು ಸಮುದಾಯಗಳಲ್ಲಿ ಇನ್ನೂ ಇರುವುದರಿಂದ ಹೇಳುತ್ತಿದ್ದೇನೆ.

ತುಳುನಾಡಿನಲ್ಲಿ ಅಳಿಯಸಂತಾನದ ಮನೆಗಳು ಎಷ್ಟೋ ಇವೆ. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು ಎಂದು ಹೆಮ್ಮೆಯಿಂದ ಹೇಳುವ ಊರಿನಲ್ಲಿ ಕಾಯಿಲೆಯೂ ತಾಯಿಯ ಕಡೆಯಿಂದ ಮಾತ್ರ ಇಳಿಯುತ್ತದೆ ಎಂದು ಎಷ್ಟೋ ಮನೆಗಳು ನಂಬುವುದು ನನಗೆ ನೋವಿನ ವಿಷಯ. ಅಳಿಯಸಂತಾನವಿರಲಿ ಮಕ್ಕಳಸಂತಾನವಿರಲಿ, ಬೈಗುಳ ಬಂದು ಸೇರುವ ಜಾಗ ಒಂದೇ.

ಸುರಂಗದ ಬಾಯಲ್ಲಿ ಕುಳಿತು ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳು ಕಲ್ಲಿನ ಮೇಲೆ ಬೆರಳಿನಿಂದ ಗೀಚುತ್ತಿದ್ದಳು. "ಅಂದರೆ ಸ್ವಲ್ಪ ನಾನೇ" ಎಂದಳು.

"ಸ್ವಲ್ಪ ನಿನ್ನ ಮಾಸು" ಎಂದೆ. "ಅದು ಅಪ್ಪನಿಂದ ಅರ್ಧ, ನನ್ನಿಂದ ಅರ್ಧ. ಅಪ್ಪನ ಅರ್ಧ ಅಜ್ಜಿ ಅಜ್ಜನಿಂದ. 2017ರಲ್ಲಿ ಕಂಡ ಆ ಬದಲಾವಣೆ ಕೋಟಿಗಟ್ಟಲೆ ಜನರಲ್ಲಿದೆ. ಅದು ಹೆಚ್ಚಿಸುವ ಅಪಾಯ ಪ್ರತಿಯೊಂದು ಪ್ರತಿಗೆ ಐದನೆಯ ಒಂದು ಪಾಲಿನಷ್ಟೇ. ಅದು ಇದ್ದೂ ಏನೂ ಆಗದವರೇ ಹೆಚ್ಚು. ನಿನ್ನಲ್ಲಿ ಅದು ಇದೆಯೋ ಇಲ್ಲವೋ ನಾವು ನೋಡಿಸಿಯೇ ಇಲ್ಲ. ಆ ಮಾಸು ಗಟ್ಟಿ ಕಲ್ಲಿನಲ್ಲಿ ಮೂವತ್ತೆರಡು ವಾರ ಅಗೆಯಿತು. ಸಾಲದ ರಕ್ತದಲ್ಲಿ ನಿನ್ನನ್ನು 1,380 ಗ್ರಾಂ ಮಾಡಿತು. ನಿನ್ನನ್ನು ಉಳಿಸಿದ್ದು ಅದೇ."

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅದನ್ನು ಏನು ಮಾಡಿದಿರಿ?" ಎಂದು ಕೇಳಿದಳು. ಆಸ್ಪತ್ರೆಯವರು ತೆಗೆದುಕೊಂಡು ಹೋದರು ಎಂದೆ. ಅಜ್ಜಿಯರ ಕಾಲದಲ್ಲಿ ಹಿತ್ತಲಿನಲ್ಲಿ ಗೌರವದಿಂದ ಹೂಳುತ್ತಿದ್ದರು. ಅದನ್ನು ಕೇಳಿ ಅವಳ ಮುಖದಲ್ಲಿ ಬಂದ ಬೇಸರವನ್ನು ನಾನು ಊಹಿಸಿರಲಿಲ್ಲ.

ಅವಳಿಗೆ ಹೇಳಬೇಕಾದ ಇನ್ನೊಂದು ಮಾತು ಇತ್ತು, ಅದನ್ನು ಮೆಲ್ಲನೆ ಹೇಳಿದೆ. ಯೂಟಾದ ಆ ಎರಡನೆಯ ಸಾಲು ಅವಳದು. ಮೂರು ಪಟ್ಟು ಎಂದರೆ ಖಂಡಿತ ಬರುತ್ತದೆ ಎಂದಲ್ಲ. ನೂರರಲ್ಲಿ ಐದು ಇದ್ದದ್ದು ಹದಿನೈದರ ಆಸುಪಾಸು ಆದರೂ ಉಳಿದ ಎಂಬತ್ತೈದು ಜನರಿಗೆ ಬರುವುದಿಲ್ಲ. ಆದರೆ ಗೊತ್ತಿದ್ದರೆ ಮಾಡುವುದು ಇದೆ. ಅಪಾಯ ಹೆಚ್ಚಿರುವವರಿಗೆ ಮೂರನೆಯ ತಿಂಗಳು ಮುಗಿಯುವ ಹೊತ್ತಿನಿಂದ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2017ರಲ್ಲಿ ಬಂತು. ಅವಧಿಗೆ ಮುಂಚಿನ ಹೆರಿಗೆಗೆ ದೂಡುವ ಗರ್ಭನಂಜು ನೂರಕ್ಕೆ 62ರಷ್ಟು ಕಡಿಮೆಯಾಗಿತ್ತು. ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ವೈದ್ಯರೇ ಹೇಳಬೇಕು, ಸ್ವಂತವಾಗಿ ನುಂಗುವಂಥದ್ದಲ್ಲ. ಆದರೆ ಅದನ್ನು ಶುರು ಮಾಡಬೇಕಾದದ್ದು ಹದಿನಾರು ವಾರದೊಳಗೆ. ಏಳನೆಯ ತಿಂಗಳಲ್ಲಿ ಅಡಿಕೆ ಸುಲಿಯುವಾಗ ಅತ್ತೆಗೆ ನೆನಪಾದರೆ ತಡವಾಗಿರುತ್ತದೆ. 2010ರಲ್ಲಿ ಯಾರಾದರೂ ನನ್ನ ಗಂಡನ ಕಡೆ ತಿರುಗಿ "ನಿಮ್ಮ ತಾಯಿಗೆ?" ಎಂದು ಕೇಳಿದ್ದರೆ, ಅವರು ಅಮ್ಮನಿಗೆ ಫೋನ್ ಮಾಡಿ ಕೇಳಿದ್ದರೆ, ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ನಮ್ಮ ಮನೆಯಲ್ಲಿ ಜಾತಕಗಳ ಒಂದು ಮರದ ಪೆಟ್ಟಿಗೆ ಇದೆ. ನನ್ನ ಗಂಡನ ಜಾತಕದಲ್ಲಿ ಹುಟ್ಟಿದ ಘಳಿಗೆ ವಿಘಳಿಗೆ ಸಹಿತ ಇದೆ, ನಕ್ಷತ್ರ ಇದೆ, ಪಾದ ಇದೆ. ಆ ಘಳಿಗೆಯಲ್ಲಿ ತಾಯಿಗೆ ಎಚ್ಚರ ಇರಲಿಲ್ಲ ಎಂಬುದು ಇಲ್ಲ. ಮಗಳ ಪ್ರಶ್ನೆಯ ಮರುವಾರ ಒಂದು ನೋಟ್‌ಪುಸ್ತಕ ತಂದೆ. ಎರಡೂ ಕಡೆಯ ಹೆಂಗಸರ ಹೆರಿಗೆಗಳನ್ನು ಅದರಲ್ಲಿ ಬರೆಯುವುದು, ಪೆಟ್ಟಿಗೆಯಲ್ಲಿ ಜಾತಕಗಳ ಜೊತೆಗೇ ಇಡುವುದು ಎಂದು ನಿಶ್ಚಯಿಸಿದೆ. ಜಾತಕ ಕೇಳಿಕೊಂಡು ಯಾರಾದರೂ ಬಂದರೆ ಇದನ್ನೂ ಕೊಡುತ್ತೇನೆ, ಅವರ ಕಡೆಯದನ್ನೂ ಕೇಳುತ್ತೇನೆ.

ಅಮ್ಮನನ್ನು ವಿಟ್ಲದಿಂದ ಕರೆಸಿಕೊಂಡೆ. ಭಾನುವಾರ ಊಟವಾದ ಮೇಲೆ ಅತ್ತೆ, ಅಮ್ಮ, ಮಗಳು, ನಾನು ಜಗಲಿಯಲ್ಲಿ ಕುಳಿತೆವು. ಅತ್ತೆ 1976ರದನ್ನು ನನಗೆ ಹೇಳಿದ್ದರೇ ಹೊರತು ಅಮ್ಮನಿಗೆ ಇಷ್ಟು ವರ್ಷವಾದರೂ ತಾವಾಗಿ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅದು ಅವರ ಬಾಯಿಯಿಂದ ಬರಬೇಕೆಂದು ಕಾದಿದ್ದೆ. ಮೊದಲ ಪುಟಕ್ಕೆ ಅಮ್ಮನ ಹೆಸರು ಬರೆಯಲು ಹೊರಟಾಗ ಅತ್ತೆ ನನ್ನ ಕೈ ತಡೆದರು.

"ಮೊದಲು ನನ್ನದು ಬರೆ."

ಅಮ್ಮನ ಕಡೆ ನೋಡದೆ, ಅಂಗಳದ ಅಡಿಕೆಯ ಕಡೆ ನೋಡುತ್ತ ಹೇಳತೊಡಗಿದರು. ಆಟಿ ತಿಂಗಳು. ಏಳೂವರೆ ತಿಂಗಳು. ಬಚ್ಚಲು, ಸಂಕ, ಕುರ್ಚಿ. ಮಗಳು ಬರೆದುಕೊಳ್ಳುತ್ತಿದ್ದಳು, ಪೆನ್ನು ಯಾವಾಗ ಅವಳ ಕೈಗೆ ಹೋಯಿತೋ ನನಗೆ ತಿಳಿಯಲಿಲ್ಲ. "ಎರಡು ಸಲ ಉಪದ್ರ…" ಎಂದು ಬರೆಯಹೊರಟವಳನ್ನು ಅತ್ತೆ ನಿಲ್ಲಿಸಿದರು.

"ಉಪದ್ರ ಎಂದು ಬರೆಯಬೇಡ. ಬಿಪಿ ಎಂದು ಬರೆ."

ಅಮ್ಮ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು, ಬೆನ್ನು ಒರಗಿಸಿ ಕುಳಿತರು.